ವರ್ಷವಿಡೀ ಸೀಲಿಂಗ್ ಫ್ಯಾನ್: ಚಳಿಗಾಲದಲ್ಲಿ ಉಲ್ಟಾ ತಿರುಗಿಸಿದರೆ ನಮ್ಮ ಊರುಗಳಲ್ಲಿ ಪ್ರಯೋಜನವಿದೆಯೇ?

ಪ್ರಶ್ನೆ: ಮೇಲ್ಮಹಡಿ ಮನೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆಯೊಂದರಲ್ಲಿ ನಾವಿದ್ದೇವೆ. ನಮ್ಮ ತಲೆಯ ಮೇಲೆ ಬಯಲು ತಾರಸಿ ಬಿಟ್ಟರೆ ಬೇರೇನೂ ಇಲ್ಲ. ಅಮ್ಮನಿಗೆ ಈಗ 74 ವರ್ಷ. ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯಲ್ಲಿ ಬಾಳಿ ಬಂದವರಾದ್ದರಿಂದ ಫ್ಯಾನಿನ ಗಾಳಿ ಅವರಿಗೆ ಮೊದಲಿನಿಂದಲೂ ಅಷ್ಟಾಗಿ ಒಗ್ಗಿಲ್ಲ. ಅವರ ಕೋಣೆ 10 ಅಡಿಗೆ 12 ಅಡಿ, ಸೀಲಿಂಗಿನ ಎತ್ತರ 10 ಅಡಿ, ಮಂಚ ಸರಿಯಾಗಿ ಫ್ಯಾನಿನ ಕೆಳಗಿದೆ. ಫ್ಯಾನು ನಾವು ಬರುವ ಮೊದಲೇ ಅಲ್ಲಿದ್ದದ್ದು. ಅದಕ್ಕೆ ಗೋಡೆಯ ಮೇಲೆ ಹಳೆಯ ಕಾಲದ ದೊಡ್ಡ ಡಬ್ಬಿಯಂಥ ರೆಗ್ಯುಲೇಟರ್ ಇದೆ.

ಒಂದೊಂದು ಕಾಲಕ್ಕೆ ಒಂದೊಂದು ತೊಂದರೆ. ಏಪ್ರಿಲ್ ತಿಂಗಳಿನಲ್ಲಿ ರಾತ್ರಿ ಹತ್ತು ಗಂಟೆಗೆ ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟರೂ ಮೇಲಿನಿಂದ ಬಿಸಿಗಾಳಿಯೇ ಸುರಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಗಳನ್ನು ಅದೇ ಕೋಣೆಯಲ್ಲಿ ಹರಡಿ ಫ್ಯಾನು ಹಾಕುತ್ತೇವೆ, ಆದರೂ ಮುಗ್ಗಲು ವಾಸನೆ ಹೋಗುವುದಿಲ್ಲ. ಡಿಸೆಂಬರ್ ಬಂತೆಂದರೆ ಫ್ಯಾನು ಹಾಕಿದರೆ ಅಮ್ಮನಿಗೆ ಕುತ್ತಿಗೆ, ಭುಜ ಹಿಡಿದುಕೊಳ್ಳುತ್ತದೆ. ಆರಿಸಿದರೆ ಸೊಳ್ಳೆ ಕಚ್ಚುತ್ತದೆ, ಕೋಣೆಯಲ್ಲಿ ಉಸಿರು ಕಟ್ಟಿದಂತಾಗುತ್ತದೆ ಎನ್ನುತ್ತಾರೆ.

ಅಮೆರಿಕದಲ್ಲಿರುವ ನನ್ನ ತಂಗಿ, ಚಳಿಗಾಲದಲ್ಲಿ ಅಲ್ಲಿಯವರು ಫ್ಯಾನನ್ನು ಉಲ್ಟಾ ತಿರುಗಿಸುತ್ತಾರೆ, ಅದರಿಂದ ಕೋಣೆ ಬೆಚ್ಚಗಾಗುತ್ತದೆ ಎಂದು ಹೇಳಿದಳು. ಅಂಗಡಿಯಲ್ಲಿ ವಿಚಾರಿಸಿದಾಗ, ರಿಮೋಟಿನಲ್ಲೇ ಉಲ್ಟಾ ತಿರುಗಿಸುವ ಗುಂಡಿಯಿರುವ ಬಿಎಲ್‌ಡಿಸಿ (ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ, ಬ್ರಶ್ ಇಲ್ಲದ ಮೋಟರಿನ) ಫ್ಯಾನೊಂದನ್ನು ತೋರಿಸಿ, ಸಾಮಾನ್ಯ ಫ್ಯಾನಿಗಿಂತ ಬಹಳ ಹೆಚ್ಚಿನ ಬೆಲೆ ಹೇಳಿದರು. ಆ ಹಣಕ್ಕೆ ತಕ್ಕ ಉಪಯೋಗವಿದೆಯೇ? ಅಮ್ಮನಿಗೆ ಹನ್ನೆರಡು ತಿಂಗಳೂ ಹಿತವಾಗಿರುವಂತೆ ಆ ಕೋಣೆಯ ಫ್ಯಾನನ್ನು ಹೇಗೆ ಬಳಸಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ವೈರಿಂಗ್ ಕೆಲಸದವನು, ಹುಬ್ಬಳ್ಳಿ

ನಮಸ್ಕಾರ ಮೇಡಂ. ಇಪ್ಪತ್ತಾರು ವರ್ಷಗಳಿಂದ ಮನೆಗಳ ವೈರಿಂಗ್ ಮಾಡುತ್ತಿದ್ದೇನೆ. ನೀವು ಬರೆದ ತೊಂದರೆಗಳನ್ನು ಬಹುತೇಕ ಪ್ರತಿಯೊಂದು ಮನೆಯಲ್ಲೂ ಕೇಳಿದ್ದೇನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಏಕೆಂದರೆ ಹೊಸ ಫ್ಯಾನು ಕೊಳ್ಳುವ ಮೊದಲು ಮಾಡಬೇಕಾದದ್ದು ಸಾಕಷ್ಟಿದೆ.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಕೋಣೆಯಲ್ಲಿರುವ ಮನುಷ್ಯನನ್ನು ತಂಪು ಮಾಡುತ್ತದೆ. ನಮ್ಮ ಚರ್ಮಕ್ಕೆ ಅಂಟಿಕೊಂಡಂತೆ ಬಿಸಿಯೂ ತೇವವೂ ಆದ ಗಾಳಿಯ ತೆಳುವಾದ ಪದರವೊಂದು ಇರುತ್ತದೆ. ಫ್ಯಾನು ಅದನ್ನು ಸರಿಸುತ್ತದೆ, ಬೆವರು ಬೇಗ ಆರುತ್ತದೆ, ಎರಡು ಮೂರು ಡಿಗ್ರಿ ಕಡಿಮೆಯಾದಂತೆ ಮೈಗೆ ಅನಿಸುತ್ತದೆ. ಗೋಡೆಗೆ ತೂಗುಹಾಕಿದ ಉಷ್ಣಮಾಪಕ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಮೋಟರಿನ ಬಿಸಿ ಕೋಣೆಗೇ ಸೇರುವುದರಿಂದ ಕೂದಲೆಳೆಯಷ್ಟು ಏರಿದರೂ ಏರಬಹುದು. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ, ಅಮ್ಮ ಬರುವಷ್ಟರಲ್ಲಿ ತಂಪಾಗಿರಲಿ ಎಂದು ಮೊದಲೇ ಫ್ಯಾನು ಹಾಕಿಡುವುದರಿಂದ ಯಾವ ಲಾಭವೂ ಇಲ್ಲ.

ಇದನ್ನು ಒಪ್ಪಿಕೊಂಡರೆ ನಿಮ್ಮ ಏಪ್ರಿಲ್ ತಿಂಗಳಿನ ಬಿಸಿಗಾಳಿ ಏಕೆಂಬುದು ತಿಳಿಯುತ್ತದೆ. ಆರ್‌ಸಿಸಿ ತಾರಸಿ ಇಡೀ ದಿನ ಬಿಸಿಲು ಕುಡಿದು, ಆ ಬಿಸಿಯನ್ನು ಸಂಜೆಯಿಂದ ನಡುರಾತ್ರಿಯವರೆಗೆ ನಿಧಾನವಾಗಿ ಒಳಗೆ ಬಿಡುತ್ತದೆ. ಸೀಲಿಂಗಿನ ಬಳಿ ಸೇರಿಕೊಂಡ ಆ ಬಿಸಿಗಾಳಿಯನ್ನು ಫ್ಯಾನು ಕೆಳಕ್ಕೆ ತಳ್ಳುತ್ತದೆ. ಇದು ಫ್ಯಾನಿನ ತಪ್ಪಲ್ಲ, ಫ್ಯಾನು ಬದಲಾಯಿಸಿದರೆ ಸರಿಹೋಗುವಂಥದ್ದೂ ಅಲ್ಲ. ಮನೆಯ ಮಾಲೀಕರು ಒಪ್ಪಿದರೆ ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣವನ್ನೋ, ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣವನ್ನೋ ಬಳಿಸಿ. ಹೊರಗಿನ ಗಾಳಿ ಒಳಗಿಗಿಂತ ತಂಪಾಗುವ ಹೊತ್ತು ನೋಡಿಕೊಂಡು, ಬೆಂಗಳೂರಿನಲ್ಲಿ ಅದು ಸಾಮಾನ್ಯವಾಗಿ ಸೂರ್ಯಾಸ್ತವಾಗಿ ಒಂದೆರಡು ಗಂಟೆ ಕಳೆದ ಮೇಲೆ, ಎದುರುಬದುರಾದ ಎರಡು ಕಿಟಕಿಗಳನ್ನು ತೆರೆದಿಟ್ಟು ಆಮೇಲೆ ಫ್ಯಾನು ಹಾಕಿ. ಕಿಟಕಿ ಮುಚ್ಚಿದ್ದರೆ ಫ್ಯಾನು ಒಳಗಿನ ಬಿಸಿಯನ್ನೇ ಸುತ್ತಿಸುತ್ತಿರುತ್ತದೆ. ತೆರೆದಿದ್ದರೆ ಬಿಸಿ ಹೊರಗೆ ಹೋಗಲು ದಾರಿಯಿರುತ್ತದೆ.

ಎರಡನೆಯದು, ಫ್ಯಾನಿನ ಎತ್ತರ. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಇದಕ್ಕೊಂದು ಲೆಕ್ಕವಿದೆ: ಕೋಣೆಯ ಎತ್ತರವನ್ನು ಮೂರರಿಂದ ಗುಣಿಸಿ, ನಾವು ಕುಳಿತು ಕೆಲಸ ಮಾಡುವ ಮಟ್ಟದ ಎತ್ತರವನ್ನು ಕೂಡಿಸಿ, ನಾಲ್ಕರಿಂದ ಭಾಗಿಸಬೇಕು. ನಿಮ್ಮ 10 ಅಡಿಯ ಕೋಣೆಗೆ ಎರಡೂವರೆ ಅಡಿಯ ಮಟ್ಟ ಹಿಡಿದರೆ ರೆಕ್ಕೆಗಳು ನೆಲದಿಂದ ಸುಮಾರು 8 ಅಡಿಯ ಮೇಲಿರಬೇಕು, ಅಂದರೆ ಸೀಲಿಂಗಿನಿಂದ ಹೆಚ್ಚು ಕಡಿಮೆ 2 ಅಡಿ ಕೆಳಗೆ. ರೆಕ್ಕೆಗೂ ಸೀಲಿಂಗಿಗೂ ನಡುವೆ ಕನಿಷ್ಠ 1 ಅಡಿ ಇಲ್ಲದಿದ್ದರೆ ಫ್ಯಾನಿಗೆ ಮೇಲಿನಿಂದ ಗಾಳಿ ಎಳೆದುಕೊಳ್ಳಲು ಆಗುವುದಿಲ್ಲ. ಎಷ್ಟೇ ವೇಗವಾಗಿ ತಿರುಗಿದರೂ ಕೆಳಗೆ ಸಾಕಷ್ಟು ಗಾಳಿ ಬರುವುದಿಲ್ಲ. ಫಾಲ್ಸ್ ಸೀಲಿಂಗ್ ಮಾಡಿಸಿದ ಮನೆಗಳಲ್ಲಿ ಈ ತಪ್ಪನ್ನು ನಾನು ಪದೇ ಪದೇ ಕಂಡಿದ್ದೇನೆ: ಒಳಾಂಗಣ ಚೆನ್ನಾಗಿ ಕಾಣಲೆಂದು ರಾಡನ್ನು ಗಿಡ್ಡ ಮಾಡಿಸುತ್ತಾರೆ, ಆಮೇಲೆ ಗಾಳಿ ಸಾಲದೆಂದು ದೂರುತ್ತಾರೆ. ಉದ್ದದ ರಾಡ್ ಹಾಕಿಸಲು ಆಗುವ ಖರ್ಚು ಅತ್ಯಲ್ಪ.

ಮೂರನೆಯದು, ಫ್ಯಾನಿನ ಆರೋಗ್ಯ. ಹಳೆಯ ಫ್ಯಾನು ನಿಧಾನವಾಗಿದ್ದರೆ ಹತ್ತರಲ್ಲಿ ಎಂಟು ಸಲ ಕಾರಣ ಕೆಪಾಸಿಟರ್, ಅಂದರೆ ಮೋಟರ್ ತಿರುಗಲು ನೆರವಾಗುವ ಬಿಡಿಭಾಗ, ಸೋತಿರುವುದು. ಇದು ನನ್ನ ಕೆಲಸದ ಅನುಭವದ ಮಾತು. ಮೋಟರಿನ ಮೇಲ್ಭಾಗದ ಬಟ್ಟಲಿನಲ್ಲಿ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಎಂದು ಬರೆದಿರುವ ಸಣ್ಣ ಬಿಳಿ ಡಬ್ಬಿಯದು. ಹಳೆಯದರ ಮೇಲಿದ್ದಷ್ಟೇ ಅಳತೆಯದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ. ಹೆಚ್ಚು ಗಾಳಿ ಬರಲೆಂದು ದೊಡ್ಡ ಅಳತೆಯದನ್ನು ಹಾಕಿಸಿದರೆ ಮೋಟರ್ ಕಾಯುತ್ತದೆ. ರೆಕ್ಕೆಗಳ ಮೇಲೆ ಕೂತ ಧೂಳು ಕೂಡ ಗಾಳಿಯನ್ನು ತಿನ್ನುತ್ತದೆ, ಫ್ಯಾನು ಅಲುಗುವಂತೆ ಮಾಡುತ್ತದೆ. ಮೇನ್ ಸ್ವಿಚ್ ಆರಿಸಿ, ಹಳೆಯ ದಿಂಬಿನ ಗವಸನ್ನು ರೆಕ್ಕೆಗೆ ತೊಡಿಸಿ ಎಳೆದರೆ ಧೂಳು ಹಾಸಿಗೆಯ ಮೇಲೆ ಉದುರದೆ ಗವಸಿನೊಳಗೇ ಬರುತ್ತದೆ. ನಿಮ್ಮ ಆ ಡಬ್ಬಿ ರೆಗ್ಯುಲೇಟರನ್ನೂ ತೆಗೆಸಿ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿಬಿಡಿ. ಅದು ವೇಗ ಕಡಿಮೆ ಮಾಡುವಾಗ ಉಳಿದ ವಿದ್ಯುತ್ತಿನಲ್ಲಿ ಒಂದು ಪಾಲನ್ನು ಶಾಖವಾಗಿ ಉರಿಸುತ್ತದೆ. ಮುಟ್ಟಿ ನೋಡಿದರೆ ಬೆಚ್ಚಗಿರುವುದು ಅದಕ್ಕೇ.

ಇನ್ನು ಬಿಎಲ್‌ಡಿಸಿ ವಿಷಯ. ಸಾಮಾನ್ಯ 1200 ಮಿಲಿಮೀಟರಿನ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆದರೆ, ಬಿಎಲ್‌ಡಿಸಿ 30 ವ್ಯಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ 12 ಗಂಟೆ ನಡೆದರೆ ತಿಂಗಳಿಗೆ 27 ಯೂನಿಟ್ ಖರ್ಚಾಗುವಲ್ಲಿ 11 ಯೂನಿಟ್‌ಗೆ ಇಳಿಯುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ 95 ರೂಪಾಯಿಯಷ್ಟು ಉಳಿಯುತ್ತದೆ. ಕರೆಂಟು ಹೋದಾಗ ಯುಪಿಎಸ್ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಚೀಟಿ ಕಡ್ಡಾಯವಾಗಿರುವುದರಿಂದ, ಕೊಳ್ಳುವಾಗ ನಕ್ಷತ್ರಗಳ ಸಂಖ್ಯೆಯ ಜೊತೆಗೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಎಂಬ ಅಂಕಿಯನ್ನೂ ಓದಿ. 1200 ಮಿಲಿಮೀಟರಿನದಕ್ಕೆ ಅದು 210ಕ್ಕಿಂತ ಕಡಿಮೆಯಿರಬಾರದು. ಬಿಎಲ್‌ಡಿಸಿ ಹಾಕಿಸಿದರೆ ಗೋಡೆಯ ರೆಗ್ಯುಲೇಟರನ್ನು ಸಂಪರ್ಕದಿಂದ ತಪ್ಪಿಸಲೇಬೇಕು, ಇಲ್ಲದಿದ್ದರೆ ಫ್ಯಾನಿನೊಳಗಿನ ಎಲೆಕ್ಟ್ರಾನಿಕ್ಸ್ ಹಾಳಾಗುತ್ತದೆ.

ಉಲ್ಟಾ ತಿರುಗಿಸುವ ಬಗ್ಗೆ, ಚಳಿ ದೇಶದಲ್ಲಿರುವವರು ಯಾರಾದರೂ ಬರೆದರೆ ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ಆ ಗುಂಡಿಯೊಂದಕ್ಕಾಗಿ ಯಾರೂ ಹೆಚ್ಚು ಹಣ ಕೊಡಬೇಕಾಗಿಲ್ಲ.

ಉತ್ತರ 2: ಹಿಮದ ನಾಡಿನಿಂದ, ಮಿನ್ನೆಸೋಟ

ಮೇಲಿನವರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ನಾನು ದಾವಣಗೆರೆಯವನು, ಹದಿನೈದು ವರ್ಷಗಳಿಂದ ಇಲ್ಲಿದ್ದೇನೆ. ಅಮೆರಿಕದಲ್ಲಿ 2007ರ ಜನವರಿಯಿಂದ ಈಚೆಗೆ ತಯಾರಾದ ಮನೆಬಳಕೆಯ ಸೀಲಿಂಗ್ ಫ್ಯಾನುಗಳು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಎರಡೂ ದಿಕ್ಕಿಗೆ ತಿರುಗುವಂತಿರಬೇಕು ಎಂಬ ಕಾನೂನೇ ಇದೆ. ಹಾಗಾಗಿ ನಿಮ್ಮ ತಂಗಿ ಹೇಳಿದ್ದು ಇಲ್ಲಿಗೆ ಪೂರ್ತಿ ನಿಜ.

ಆದರೆ ಅದರ ಹಿಂದಿನ ಕಾರಣವನ್ನು ನೋಡಬೇಕು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರುವಾಗ, ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಇಡೀ ಮನೆಯನ್ನು ಹೀಟರಿನಿಂದ ಕಾಯಿಸುತ್ತೇವೆ. ಕಾದ ಗಾಳಿ ಹಗುರವಾದ್ದರಿಂದ ಸೀಲಿಂಗಿನ ಬಳಿ ಹೋಗಿ ನಿಲ್ಲುತ್ತದೆ, ಕಾಲಿನ ಬಳಿ ಚಳಿ ಉಳಿಯುತ್ತದೆ. ಎತ್ತರದ ಸೀಲಿಂಗ್ ಇರುವ ಮನೆಗಳಲ್ಲಿ ಮೇಲಕ್ಕೂ ಕೆಳಕ್ಕೂ ಈ ವ್ಯತ್ಯಾಸ ಮೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಆಗ ಫ್ಯಾನನ್ನು ಅತಿ ಕಡಿಮೆ ವೇಗದಲ್ಲಿ ಉಲ್ಟಾ ತಿರುಗಿಸಿದರೆ ಅದು ಕೋಣೆಯ ನಡುವಿನ ಗಾಳಿಯನ್ನು ಮೇಲಕ್ಕೆಳೆಯುತ್ತದೆ. ಮೇಲಿದ್ದ ಬೆಚ್ಚನೆಯ ಗಾಳಿ ಗೋಡೆಗಳಗುಂಟ ಕೆಳಗಿಳಿದು ಬರುತ್ತದೆ. ಮೈಮೇಲೆ ನೇರವಾಗಿ ಬೀಸದಿರುವುದರಿಂದ ಚಳಿಯೂ ಆಗುವುದಿಲ್ಲ. ಅಂದರೆ ಫ್ಯಾನು ಇಲ್ಲಿ ಬಿಸಿಯನ್ನು ಹುಟ್ಟಿಸುತ್ತಿಲ್ಲ, ನಾವು ಹಣ ಕೊಟ್ಟು ಕಾಯಿಸಿದ ಗಾಳಿಯನ್ನು ಸಮನಾಗಿ ಹಂಚುತ್ತಿದೆ.

ಬೆಂಗಳೂರಿನ ಮನೆಗಳಲ್ಲಿ ಹೀಟರ್ ಇಲ್ಲ. ಡಿಸೆಂಬರ್ ರಾತ್ರಿ ಹೊರಗೆ 15 ಡಿಗ್ರಿ ಇರುವಾಗ ಕೋಣೆಯ ಮೇಲ್ಭಾಗದಲ್ಲಿ ಇಳಿಸಿಕೊಳ್ಳುವಂಥ ಬಿಸಿಯೇ ಇರುವುದಿಲ್ಲ. ಆದ್ದರಿಂದ ಕೋಣೆ ಬೆಚ್ಚಗಾಗಲಿ ಎಂಬ ಉದ್ದೇಶಕ್ಕೆ ಅದು ನಿಮಗೆ ಉಪಯೋಗವಿಲ್ಲ. ಆದರೆ ನಿಮ್ಮ ತಾಯಿಯವರ ತೊಂದರೆ ಚಳಿಗಿಂತ ಹೆಚ್ಚಾಗಿ ಮೈಮೇಲೆ ನೇರವಾಗಿ ಬೀಳುವ ಗಾಳಿಯದು ಎಂದು ನನಗೆ ತೋರುತ್ತದೆ. ಉಲ್ಟಾ ತಿರುಗುವ ಫ್ಯಾನು ಗಾಳಿಯನ್ನು ಮೃದುವಾಗಿ ಕದಡುತ್ತದೆ, ಮೈಗೆ ಹೊಡೆಯುವುದಿಲ್ಲ. ಆ ಮಟ್ಟಿಗೆ ಅವರಿಗೆ ಹಿತವಾಗಬಹುದು. ಬಿಎಲ್‌ಡಿಸಿ ಫ್ಯಾನನ್ನು ಹೇಗೂ ಕೊಳ್ಳುವುದಾದರೆ, ಅದರಲ್ಲಿ ಆ ಸೌಲಭ್ಯವಿದ್ದರೆ ಪರೀಕ್ಷಿಸಿ ನೋಡಿ.

ಇನ್ನೊಂದು ಮಾತು. ಯಾವ ದಿಕ್ಕಿಗೆ ತಿರುಗಿದರೆ ಗಾಳಿ ಕೆಳಗೆ ಬರುತ್ತದೆ ಎಂಬುದು ರೆಕ್ಕೆಯ ಓರೆಯನ್ನು ಅವಲಂಬಿಸಿರುತ್ತದೆ. ಕೆಳಗೆ ನಿಂತು ಮುಖಕ್ಕೆ ಗಾಳಿ ತಾಗುತ್ತದೆಯೇ ಎಂದು ನೋಡುವುದೇ ಸರಿಯಾದ ಪರೀಕ್ಷೆ.

ಉತ್ತರ 3: ಕಡಲ ಬದಿ, ಮಂಗಳೂರು

ಮಳೆಗಾಲದ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರಿನವರೆಗೆ ಅದೇ ದೊಡ್ಡ ಚಿಂತೆ.

ಒದ್ದೆ ಬಟ್ಟೆಯಿಂದ ನೀರು ಆರಿತು ಎಂದರೆ ಆ ನೀರು ಕೋಣೆಯ ಗಾಳಿಗೆ ಸೇರಿತು ಎಂದರ್ಥ. ಕಿಟಕಿ ಬಾಗಿಲು ಮುಚ್ಚಿ ಫ್ಯಾನು ಹಾಕಿದರೆ ಬಟ್ಟೆ ಬೇಗ ಆರುತ್ತದೆ, ಆದರೆ ತೇವ ಗೋಡೆಗೂ ಹಾಸಿಗೆಗೂ ಕಪಾಟಿನೊಳಗಿನ ಸೀರೆಗಳಿಗೂ ಹೋಗಿ ಕೂರುತ್ತದೆ. ನಿಮ್ಮ ಮುಗ್ಗಲು ವಾಸನೆ ಅಲ್ಲಿಂದ ಬಂದದ್ದು. ಸಾಧ್ಯವಿದ್ದರೆ ಬಟ್ಟೆಗಳನ್ನು ಅಮ್ಮನವರು ಮಲಗುವ ಕೋಣೆಯಲ್ಲಿ ಹರಡಲೇಬೇಡಿ. ಬೇರೆ ದಾರಿಯಿಲ್ಲದಿದ್ದರೆ ಮಳೆ ಬಿಟ್ಟ ಹೊತ್ತಿನಲ್ಲಿ ಕಿಟಕಿ ತೆರೆದು, ಬಚ್ಚಲಿನ ಅಥವಾ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನೂ ಜೊತೆಗೆ ನಡೆಸಿ. ಸೀಲಿಂಗ್ ಫ್ಯಾನು ತೇವವನ್ನು ಬಟ್ಟೆಯಿಂದ ಬಿಡಿಸಿದರೆ ಎಕ್ಸಾಸ್ಟ್ ಅದನ್ನು ಮನೆಯಿಂದ ಹೊರಗೆ ಕಳಿಸುತ್ತದೆ. ಬಟ್ಟೆಗಳನ್ನು ಫ್ಯಾನಿನ ಸುತ್ತ, ಒಂದಕ್ಕೊಂದು ತಾಗದಂತೆ ಹರಡಬೇಕು.

ಬಟ್ಟೆ ಇಲ್ಲದ ದಿನಗಳಲ್ಲೂ ಮಳೆಗಾಲದಲ್ಲಿ ನಾವು ಹಗಲು ಒಂದೆರಡು ಗಂಟೆ ಕಪಾಟಿನ ಬಾಗಿಲುಗಳನ್ನು ತೆರೆದಿಟ್ಟು ಫ್ಯಾನನ್ನು ಎರಡನೆಯ ವೇಗದಲ್ಲಿ ಬಿಡುತ್ತೇವೆ. ಗಾಳಿಯಾಡದ ಮೂಲೆಯಲ್ಲೇ ಬೂಷ್ಟು ಮೊದಲು ಹಿಡಿಯುವುದು. ಮೊದಲ ಉತ್ತರದವರು ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ವ್ಯರ್ಥ ಎಂದಿದ್ದಾರೆ. ಸೆಕೆಯ ಮಟ್ಟಿಗೆ ಅದು ಸರಿ, ಮಳೆಗಾಲದ ತೇವಕ್ಕೆ ಮಾತ್ರ ಈ ಒಂದು ವಿನಾಯಿತಿ ಕೊಡಬೇಕೆಂದು ನನ್ನ ವಿನಂತಿ.

ಉತ್ತರ 4: ಬಿಸಿಲ ನಾಡಿನ ಮೇಷ್ಟ್ರು, ಕಲಬುರಗಿ

ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕಾಗಿದೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾದಾಗ ಅದು ದೊಡ್ಡ ಸುದ್ದಿಯಾಗಿತ್ತು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ 40 ದಾಟುವುದು ಪ್ರತಿ ವರ್ಷದ ಮಾತು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದಾಗ ಫ್ಯಾನು ಮೈಯ ಬಿಸಿಯನ್ನು ಒಯ್ಯುವ ಬದಲು ಹೊರಗಿನ ಬಿಸಿಯನ್ನೇ ಮೈಗೆ ತಂದು ಹಾಕುತ್ತದೆ. ಬೆವರು ಆರುವುದೊಂದೇ ಆಗ ನಮ್ಮನ್ನು ಕಾಯುವುದು. ಕೋಣೆಯೊಳಗೆ 40 ಡಿಗ್ರಿ ಮೀರಿದರೆ ಫ್ಯಾನನ್ನು ನಂಬಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ವಯಸ್ಸಾದವರಿಗೆ ಬೆವರುವುದೇ ಕಡಿಮೆಯಾದ್ದರಿಂದ ಅವರ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಫ್ಯಾನಿನ ಕೆಳಗೇ ಇದ್ದೇವೆ ಎಂಬ ಧೈರ್ಯದಲ್ಲಿ ನೀರು ಕುಡಿಯುವುದನ್ನು ಮರೆತು ಹಿರಿಯರು ಸುಸ್ತಾಗಿ ಬಿದ್ದದ್ದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ.

ಅಂಥ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಕಿಟಕಿ ಮುಚ್ಚಿ ಪರದೆ ಎಳೆಯಬೇಕು. ಒದ್ದೆ ಬಟ್ಟೆಯಿಂದ ಕೈಕಾಲು, ಕುತ್ತಿಗೆ ಒರೆಸಿಕೊಂಡು ಆಮೇಲೆ ಫ್ಯಾನಿನ ಗಾಳಿಗೆ ಕುಳಿತರೆ, ಬೆವರಿನ ಕೆಲಸವನ್ನು ಆ ನೀರು ಮಾಡುತ್ತದೆ. ನಮ್ಮದು ಒಣ ಗಾಳಿಯಾದ್ದರಿಂದ ಇದು ಕೂಡಲೇ ಫಲ ಕೊಡುತ್ತದೆ. ನಡುನಡುವೆ ನೀರು, ಮಜ್ಜಿಗೆ ಕೊಡುತ್ತಿರಿ. ಬೆಂಗಳೂರಿನ ಮೇಲ್ಮಹಡಿಯ ಕೋಣೆ ಮಧ್ಯಾಹ್ನ ಎಷ್ಟು ಕಾಯುತ್ತದೆ ಎಂಬುದನ್ನು ಅಂದಾಜಿನಲ್ಲಿ ಬಿಡದೆ, ಸಣ್ಣ ಉಷ್ಣಮಾಪಕವೊಂದನ್ನು ತಂದಿಡಿ.

ಪ್ರಶ್ನೆ ಕೇಳಿದವರು: ಮೇಲ್ಮಹಡಿ ಮನೆ, ಬೆಂಗಳೂರು

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಮನಸಾರೆ ಧನ್ಯವಾದಗಳು. ಎರಡು ವಾರಗಳಲ್ಲಿ ಆದದ್ದನ್ನು ತಿಳಿಸುತ್ತೇನೆ. ಎಲೆಕ್ಟ್ರಿಷಿಯನ್ ಬಂದು ಕೆಪಾಸಿಟರ್ ಬದಲಾಯಿಸಿದರು, ಡಬ್ಬಿ ರೆಗ್ಯುಲೇಟರ್ ತೆಗೆದು ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದರು. ಅಳೆದು ನೋಡಿದಾಗ ರೆಕ್ಕೆಗಳು ಸೀಲಿಂಗಿನಿಂದ ಕೇವಲ ಒಂಬತ್ತು ಅಂಗುಲ ಕೆಳಗಿದ್ದವು. ಉದ್ದದ ರಾಡ್ ಹಾಕಿಸಿದೆವು. ಈಗ ಮೂರನೆಯ ವೇಗದಲ್ಲಿ ಬರುವ ಗಾಳಿ ಮೊದಲು ಐದರಲ್ಲಿ ಬರುತ್ತಿದ್ದುದಕ್ಕಿಂತ ಹೆಚ್ಚು. ಬಟ್ಟೆ ಹರಡುವುದನ್ನು ನಡುಮನೆಗೆ ಸಾಗಿಸಿದ್ದೇವೆ.

ಒಂದೇ ಸಂದೇಹ ಉಳಿದಿದೆ. ಗಾಳಿ ಹೆಚ್ಚಾದದ್ದರಿಂದ ಚಳಿಗಾಲದಲ್ಲಿ ಅಮ್ಮನ ಕುತ್ತಿಗೆಯ ತೊಂದರೆಯೂ ಹೆಚ್ಚಬಹುದೇ? ಫ್ಯಾನು ಪೂರ್ತಿ ಆರಿಸಿದರೆ ಸೊಳ್ಳೆಯ ಕಾಟ ಇದ್ದೇ ಇದೆ.

ಉತ್ತರ 5: ವೈರಿಂಗ್ ಕೆಲಸದವನು, ಹುಬ್ಬಳ್ಳಿ

ಒಳ್ಳೆಯ ಸುದ್ದಿ, ಮೇಡಂ. ಮಂಗಳೂರಿನವರ ತಿದ್ದುಪಡಿಯನ್ನೂ ಒಪ್ಪುತ್ತೇನೆ.

ಫ್ಯಾನಿನ ಗಾಳಿ ಅದರ ರೆಕ್ಕೆಗಳು ಸುತ್ತುವ ವೃತ್ತದಷ್ಟೇ ಅಗಲದ ಕಂಬದಂತೆ ನೇರವಾಗಿ ಕೆಳಗಿಳಿದು, ನೆಲ ಮುಟ್ಟಿ, ಆಮೇಲೆ ಸುತ್ತಲೂ ಹರಡುತ್ತದೆ. ಆ ಕಂಬದೊಳಗಿದ್ದವರಿಗೆ ಹೊಡೆತ ಹೆಚ್ಚು. ಅದರಿಂದ ಮೂರಡಿ ಪಕ್ಕಕ್ಕೆ ಸರಿದವರಿಗೆ ಅದೇ ಫ್ಯಾನಿನ ಗಾಳಿ ಬಹಳ ಮೃದುವಾಗಿರುತ್ತದೆ. ನಿಮ್ಮ ಕೋಣೆ 12 ಅಡಿ ಉದ್ದವಿರುವುದರಿಂದ, ನವೆಂಬರ್ ಬಂದಾಗ ಮಂಚವನ್ನು ಆ ಉದ್ದದ ಒಂದು ತುದಿಯ ಗೋಡೆಗೆ ಸೇರಿಸಿ, ತಲೆ ಗೋಡೆಯ ಕಡೆಗೂ ಕಾಲು ಫ್ಯಾನಿನ ಕಡೆಗೂ ಬರುವಂತೆ ಹಾಕಿ. ಫ್ಯಾನನ್ನು ಒಂದನೆಯ ವೇಗದಲ್ಲಿಡಿ. ಕುತ್ತಿಗೆಗೆ ನೇರ ಗಾಳಿ ತಪ್ಪುತ್ತದೆ, ಕೋಣೆಯ ಗಾಳಿ ಕದಲುತ್ತಿರುವುದರಿಂದ ಉಸಿರು ಕಟ್ಟಿದಂತೆಯೂ ಆಗುವುದಿಲ್ಲ. ಸೊಳ್ಳೆ ಹಾರಾಟದಲ್ಲಿ ದುರ್ಬಲ ಜೀವಿ. ಗಾಳಿ ನಮ್ಮ ಉಸಿರಿನ ಜಾಡನ್ನೂ ಚದುರಿಸುವುದರಿಂದ ಅದಕ್ಕೆ ನಮ್ಮನ್ನು ಹುಡುಕುವುದು ಕಷ್ಟವಾಗುತ್ತದೆ. ಆದರೆ ಒಂದನೆಯ ವೇಗದ ಗಾಳಿ ಪೂರ್ತಿ ರಕ್ಷಣೆಯಲ್ಲ, ಹಾಗಾಗಿ ಸೊಳ್ಳೆಪರದೆ ಕಟ್ಟಿಬಿಡಿ. ಪರದೆ ಗಾಳಿಯ ವೇಗವನ್ನು ಇನ್ನಷ್ಟು ತಗ್ಗಿಸುತ್ತದೆ. ಅಮ್ಮನವರಿಗೆ ಚಳಿಗಾಲದಲ್ಲಿ ಅದೂ ಅನುಕೂಲವೇ. ಬೇಸಿಗೆಯಲ್ಲಿ ಮಂಚವನ್ನು ಮತ್ತೆ ನಡುವಿಗೆ ಎಳೆದುಕೊಂಡರಾಯಿತು.

ಹೀಗೆ ಒಂದು ಚಳಿಗಾಲ ಕಳೆದು ನೋಡಿ, ಆಮೇಲೆ ಬಿಎಲ್‌ಡಿಸಿ ಬೇಕೇ ಬೇಡವೇ ಎಂದು ನಿರ್ಧರಿಸಿ. ಬಾಡಿಗೆ ಮನೆಯಾದ್ದರಿಂದ ಹೊಸ ಫ್ಯಾನು ತಂದರೂ ಹಳೆಯ ಫ್ಯಾನನ್ನು, ಅದರ ಮೂರು ರೆಕ್ಕೆಗಳನ್ನೂ ಒಟ್ಟಿಗೆ ಕಟ್ಟಿ ಅಟ್ಟದ ಮೇಲೆ ಜೋಪಾನವಾಗಿಡಿ. ರೆಕ್ಕೆಗಳು ತೂಕ ಹೊಂದಿಸಿದ ಒಂದೇ ಜೊತೆಯವು. ಒಂದು ಕಳೆದರೂ ಮನೆ ಬಿಡುವಾಗ ಮತ್ತೆ ಹಾಕಿದ ಫ್ಯಾನು ಅಲುಗುತ್ತದೆ.